ಫ್ರೆಂಚ್ ಕವಿಯ ತಿಥಿ

ಶ್ರೀಪತಿ ಅಂಕಲ್ ವರ್ಷಕ್ಕೊಮ್ಮೆ ಒಬ್ಬ ಫ್ರೆಂಚ್ ಕವಿಯ ತಿಥಿ ಮಾಡುತ್ತಿದ್ದರು. ವಡೆ, ಪಾಯಸ, ಎಳ್ಳು, ದರ್ಭೆ, ಯಾವುದಕ್ಕೂ ಲೋಪವಿಲ್ಲ.

ಪರದೇಶದ ಪುಂಗೋಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟ್ ಅವರದು. ಮೈಸೂರಿನವರು, ಮದುವೆಯಾಗಿರಲಿಲ್ಲ, ಜುರಾಂಗ್ ಐಲ್ಯಾಂಡಿನ ರಿಫೈನರಿಯೊಂದರಲ್ಲಿ ಸೇಫ್ಟಿ ಇಂಜಿನಿಯರ್. ಬೆಂಕಿಕಡ್ಡಿ ಕಂಡರೆ ಬೆಚ್ಚುವ ಈ ಮನುಷ್ಯನಿಗೆ ಕಂಪನಿ ಬಸ್ಸಿನಲ್ಲಿ ಓದಲು ಸಿಕ್ಕಿದ್ದು ಊರಿಗೇ ಬೆಂಕಿ ಹಚ್ಚುವಂಥ ಕವಿ. ಆತ ರಾಜನನ್ನು ಬೈದ, ಪಾದ್ರಿಗಳನ್ನು ಬೈದ, ಊಟಕ್ಕೆ ಕರೆದವರ ಮೇಜು ಹತ್ತಿ ನಿಂತು ಅವರನ್ನೂ ಬೈದ. ಕೊನೆಗೆ ಹೆಂಡತಿ ಮಕ್ಕಳಿಲ್ಲದೆ ಎಲ್ಲೋ ಸತ್ತ. ಕವಿತೆಗಳಿಗಿಂತ ಈ ಕೊನೆಯ ಸಂಗತಿಯೇ ಅಂಕಲ್‌ ನಿದ್ದೆ ಕೆಡಿಸಿತ್ತು.

ದೇವರನ್ನೇ ಒಪ್ಪದವನಿಗೆ ಎಂಥ ತಿಥಿ ಎಂದು ಕೇಳಿದ್ದೆ. "ಒಪ್ದೇ ಇದ್ರೆ ಹಸಿವಾಗಲ್ವೇನೋ?" ಎಂದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎಂಬ ನಮ್ಮವರ ಪದ್ಧತಿಯಂತೆ ಕವಿಯನ್ನೂ ಅದಕ್ಕೇ ಸೇರಿಸಿಬಿಟ್ಟಿದ್ದರು.

ತೊಡಕಾದದ್ದು ಕಾಗೆಯದು. ಹಕ್ಕಿಗಳಿಗೆ ತಿನ್ನಲು ಹಾಕಬಾರದೆಂಬ ಬೋರ್ಡು ನಮ್ಮ ಕಟ್ಟಡದ ನೆಲಮಹಡಿಯ ವಾಯ್ಡ್ ಡೆಕ್‌ನಲ್ಲೇ ಇತ್ತು. ಸೇಫ್ಟಿ ಇಂಜಿನಿಯರು ಬೋರ್ಡು ಮೀರುವುದುಂಟೆ? ನನ್ನನ್ನೇ ಕಾಗೆಯಾಗಿ ನೇಮಿಸಿದರು. ಬ್ಯೂನಾ ವಿಸ್ಟಾದ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದು, ಅಡುಗೆಮನೆಯ ಕಿಟಕಿ ಪಕ್ಕ ಕುಕ್ಕರಗಾಲಲ್ಲಿ ಕೂತು, "ಕಾ" ಎಂದು ನಾನು ಎಡೆಯ ವಡೆಗೆ ಬಾಯಿ ಹಾಕಬೇಕು. ಒಂದು ವರ್ಷ ವಡೆ ಬಿಸಿಯಿತ್ತೆಂದು ತಡಮಾಡಿದೆ. ಅಂಕಲ್ ಗಾಬರಿಯಾದರು. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದಲ್ಲವೆ ನಂಬಿಕೆ? ನನಗೆ ಕೈಮುಗಿದು, ಕವಿಯೇ ಎದುರಿದ್ದಂತೆ, ನಿನ್ನ ಪುಸ್ತಕವನ್ನು ಇನ್ನೂ ನಾಲ್ಕು ಜನಕ್ಕೆ ಓದಿಸುತ್ತೇನಪ್ಪ ಎಂದು ಮಾತು ಕೊಟ್ಟರು. ಅಷ್ಟರಲ್ಲಿ ವಡೆ ಆರಿತ್ತು, ತಿಂದೆ. ಮರುದಿನದಿಂದ ಕಂಪನಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇರುತ್ತಿತ್ತಂತೆ.

ನಿವೃತ್ತರಾಗಿ ಮೈಸೂರಿಗೆ ಹೊರಟ ದಿನ ಲಿಫ್ಟಿನ ಹತ್ತಿರ ಕವಿಯ ಆ ಪುಸ್ತಕ ನನ್ನ ಕೈಗಿಟ್ಟರು. "ಅವನಿಗೆ ನಾನಿದ್ದೆ ಕಣೋ. ನಂಗ್ಯಾರೋ?" ನಗುತ್ತಲೇ ಕೇಳಿದರು. ಅಷ್ಟರಲ್ಲಿ ಲಿಫ್ಟ್ ಬಂತು.

ಮರುವರ್ಷ ಅವರು ತೀರಿಹೋದ ಸುದ್ದಿ ಬಂತು. ಕವಿಯ ತಿಥಿಯ ದಿನ ನಮ್ಮ ಮನೆಯಲ್ಲೇ ಎರಡು ಎಲೆ ಹಾಕಿದೆವು. ಬಡಿಸಿದ್ದು ನನ್ನ ಹೆಂಡತಿ ಸುಮ, ಕಾಗೆ ನಾನೇ. ಕವಿಯ ವಡೆ ಸಲೀಸಾಗಿ ಇಳಿಯಿತು. ಅಂಕಲ್ ಎಲೆಯ ವಡೆಗೆ ಬಾಗಿದವನು ಹಾಗೇ ಹಿಂದೆ ಸರಿದೆ. "ಕಾ" ಎನ್ನಲೂ ಆಗಲಿಲ್ಲ. ಸುಮ ಬಡಿಸುವ ಸೌಟು ಕೆಳಗಿಟ್ಟಳು. ಆಮೇಲೆ ನನಗೆ ಕೈಮುಗಿದು ಹೇಳಿದಳು: "ಅಂಕಲ್, ಪ್ರತಿ ವರ್ಷ ನಾವೇ ಮಾಡ್ತೀವಿ. ಇಬ್ರಿಗೂ."

ಆಗ ಕಾಗೆ ತಿಂದಿತು.