ಊಟಕ್ಕೆ ಮೊದಲಿನ ನಿರ್ಣಯ

ಐದನೇ ಕ್ಲಾಸಿನ ನನ್ನ ಮಗಳ ಶಾಲೆಯಲ್ಲಿ ಒಂದು ಪದ್ಧತಿ. ಮಕ್ಕಳು ಚರಿತ್ರೆಯ ಯಾರದಾದರೂ ವೇಷ ಹಾಕಿ ಗೊಂಬೆಯ ಹಾಗೆ ನಿಂತಿರಬೇಕು. ಯಾರಾದರೂ ಮುಟ್ಟಿದರೆ ಒಂದು ನಿಮಿಷದಲ್ಲಿ ತಮ್ಮ ಕಥೆ ಹೇಳಬೇಕು. ಇವಳ ಪಾಲಿಗೆ ಬಂದವನು ಹತ್ತೊಂಬತ್ತನೇ ಶತಮಾನದ ಒಬ್ಬ ಕ್ರಾಂತಿಕಾರಿ, ದಕ್ಷಿಣ ಅಮೆರಿಕದ ಯಾವುದೋ ಪುಟ್ಟ ದೇಶದವನು. ಆ ಶನಿವಾರ ಬೆಳಿಗ್ಗೆ ಅವನ ಬದುಕನ್ನು ಒಂದು ಕಾರ್ಡಿಗೆ ಇಳಿಸುವ ಕೆಲಸ ನನ್ನ ತಲೆಗೆ ಬಂತು. ಮಧ್ಯಾಹ್ನ ಇಲ್ಲೇ ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆ ಬೇರೆ. ನಾನೇ ಅಧ್ಯಕ್ಷೆ.

ಅವನು ಎರಡು ಸಲ ದಂಗೆಯೆದ್ದು ಸೋತ, ದೇಶ ಬಿಟ್ಟು ಓಡಿದ, ಮೂರನೇ ಸಲ ಗೆದ್ದ. ಅಧ್ಯಕ್ಷನಾಗಿ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಟ್ಟ, ಹೆಣ್ಣುಮಕ್ಕಳಿಗೆ ಶಾಲೆ ತೆರೆದ, ಒಬ್ಬರಿಗೆ ಒಂದೇ ಅವಧಿ ಎಂದು ಸಂವಿಧಾನದಲ್ಲೇ ಬರೆಸಿದ. ತನ್ನ ಅವಧಿ ಮುಗಿಯುತ್ತಾ ಬಂದಾಗ ಅದನ್ನೇ ತಿದ್ದಿಸಿದ.

"ಶಾಲೆ ತೆರೆದ ಅನ್ನೋದಕ್ಕೇ ನಿಲ್ಲಿಸು ಪುಟ್ಟಿ, ಒಂದು ನಿಮಿಷಕ್ಕೆ ಅಷ್ಟು ಸಾಕು."

"ಬಟ್ ಅಮ್ಮ, ವೈ ಡಿಡ್ ಹಿ ಸ್ಟೇ?"

"ಕೆಲಸ ಬಾಕಿ ಇತ್ತೇನೋ," ಎಂದೆ. ಹಾಗಂದಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಯಾಕೆಂದರೆ ನನ್ನ ಬ್ಯಾಗಿನಲ್ಲೂ ಒಂದು ತಿದ್ದುಪಡಿ ಇತ್ತು.

ನಾಲ್ಕು ವರ್ಷದ ಹಿಂದೆ ಸಂಘದಲ್ಲಿ ದಂಗೆಯೆದ್ದವಳು ನಾನು. ಹಿಂದಿನ ಅಧ್ಯಕ್ಷರು, ಹಾಸನದ ಕಡೆಯ ಹಿರಿಯರು, ವರ್ಷಗಟ್ಟಲೆ ಕುರ್ಚಿ ಬಿಟ್ಟಿರಲಿಲ್ಲ. ಅವರ ಉಪಾಯ ಸರಳ: ಮುಖ್ಯ ನಿರ್ಣಯವನ್ನು ಊಟಕ್ಕೆ ಐದು ನಿಮಿಷ ಮೊದಲು ಇಡುವುದು. ಬಿಸಿಬೇಳೆಬಾತಿನ ಮುಚ್ಚಳ ತೆಗೆದಿರುತ್ತದೆ, ಮಕ್ಕಳು ತಟ್ಟೆ ಹಿಡಿದಿರುತ್ತಾರೆ. ಆಗ ಆಕ್ಷೇಪ ಎತ್ತುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ನಾನು ಎತ್ತಿದ್ದೆ. ಊಟ ಒಂದು ಗಂಟೆ ತಡವಾಯಿತು, ಅವರು ಕೆಳಗಿಳಿದರು, ನಾಲ್ಕು ವರ್ಷಕ್ಕಿಂತ ಹೆಚ್ಚು ಯಾರೂ ಇರಕೂಡದು ಎಂಬ ನಿಯಮ ಬಂತು.

ಈಗ ನನ್ನ ನಾಲ್ಕು ವರ್ಷ ಮುಗಿದಿತ್ತು. ಸುಸ್ತಾಗಿತ್ತು, ಸುಳ್ಳು ಹೇಳುವುದಿಲ್ಲ. ವಾರವೆಲ್ಲ ಪಕ್ಕದೂರು ನೆವಾರ್ಕ್‌ನ ಆಫೀಸು, ಶನಿವಾರ ಭಾನುವಾರ ಹಾಲ್ ಬುಕಿಂಗು, ಮೈಕು, ಜಮಖಾನ. ಸಾಕಪ್ಪಾ ಸಾಕು ಎಂದು ಗಂಡನ ಮುಂದೆ ದಿನಾ ಗೊಣಗುತ್ತಿದ್ದೆ. ಆದರೂ ಬಿಡುವ ಮಾತು ಬಂದರೆ ವಿಷಯ ಬದಲಿಸುತ್ತಿದ್ದೆ. ಆಫೀಸಿನಲ್ಲಿ ನಾನು ನೂರರಲ್ಲಿ ಒಬ್ಬಳು. ಇಲ್ಲಿ ನಾನು ಬಂದರೆ ಜನ ಎದ್ದು ನಿಲ್ಲುತ್ತಾರೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಊಟಕ್ಕೆ ಐದು ನಿಮಿಷ ಮೊದಲು ಮೈಕು ಹಿಡಿದು, ಆ ನಾಲ್ಕು ವರ್ಷದ ಮಿತಿ ತೆಗೆಯುವ ತಿದ್ದುಪಡಿ ಓದಿದೆ.

"ಯಾರದಾದ್ರೂ ಆಕ್ಷೇಪ ಇದ್ಯಾ?"

ಕೊನೆಯ ಸಾಲಿನಲ್ಲಿ ಹಳೆಯ ಅಧ್ಯಕ್ಷರು ಎದ್ದರು.

"ನಾನು ಅನುಮೋದಿಸ್ತೀನಿ," ಎಂದರು. ಚಪ್ಪಾಳೆ ಬಿತ್ತು.

ಊಟದ ಸಾಲಿನಲ್ಲಿ ಅವರು ನನ್ನ ಹಿಂದೆಯೇ ನಿಂತರು. "ಯಾಕೆ ಸಾರ್? ನೀವು ನನ್ನ ಬಯ್ಯಬಹುದಿತ್ತು," ಎಂದೆ.

"ಬಯ್ಯೋದೇನಮ್ಮಾ. ನಿಮಗೆ ದಣಿವಾಗಿರೋದು ಮುಖದಲ್ಲೇ ಕಾಣ್ತದೆ. ನನಗೂ ಆಗಿತ್ತು. ಆದ್ರೆ ನಮ್ಮನೆಯವಳು ಹೋದ್ಮೇಲೆ, ಈ ಕುರ್ಚಿ ಇತ್ತು ಅಂತಲೇ ದಿನಕ್ಕೆ ನಾಲ್ಕು ಜನ ಫೋನ್ ಮಾಡೋರು. ಇಳಿದ್ಮೇಲೆ ಯಾರೂ ಮಾಡ್ಲಿಲ್ಲ. ನಿಮಗೆ ಹಂಗಾಗೋದು ಬ್ಯಾಡ ಅಂತ ಅಷ್ಟೆ."

ತಟ್ಟೆಗೆ ಬಾತು ಬಿತ್ತು. ಅವರು ಕೇಳಿ ಇನ್ನೊಂದಿಷ್ಟು ಬೂಂದಿ ಹಾಕಿಸಿಕೊಂಡರು. ಅವರ ಹೆಂಡತಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಅದೇ ವರ್ಷ ಅವರಿಗೆ ಅಧಿಕಾರದ ಹುಚ್ಚು ಎಂದು ಊರೆಲ್ಲ ಸಾರಿದವಳೂ ನಾನೇ. ಇಳಿಸಿದ ಮೇಲೆ, ಈ ನಾಲ್ಕು ವರ್ಷದಲ್ಲಿ, ನಾನೂ ಅವರಿಗೆ ಒಂದು ಸಲವೂ ಫೋನ್ ಮಾಡಿರಲಿಲ್ಲ.