ಥೆಲ್ಮಾಳ ಕಿರುಚಾಟ

ಥೆಲ್ಮಾ ಯೋಸ್ಟ್‌ಳ ಕೆಲಸ ಕಿರುಚುವುದು. ಹಾಲಿವುಡ್ಡಿನ ರೇಡಿಯೋ ನಾಟಕಗಳಲ್ಲಿ ನಾಯಕಿಯರ ಗಂಟಲು ಹಾಳಾಗಬಾರದೆಂದು ಅವರ ಬದಲು ಇವಳು ಕಿರುಚುತ್ತಿದ್ದಳು. ಪಕ್ಕದಲ್ಲೇ ನಿಂತು ಬಾಗಿಲು, ಗುಡುಗು, ಹೆಜ್ಜೆಗಳ ಸದ್ದು ಮಾಡುತ್ತಿದ್ದವನು ನಾನು.

ಎರಡನೆಯ ಮಹಾಯುದ್ಧದ ಮೂರನೆಯ ವರ್ಷ ಹ್ಯಾಪ್ ಕ್ರಾಂಡಲ್‌ನ ಹಾಸ್ಯ ಕಾರ್ಯಕ್ರಮವನ್ನು ಗಾಯಾಳು ಸೈನಿಕರ ಆಸ್ಪತ್ರೆಯಿಂದಲೇ ನೇರವಾಗಿ ಪ್ರಸಾರ ಮಾಡಿದೆವು. ಅತಿಥಿ, ಸಿನಿಮಾದ ರಕ್ತಪಿಶಾಚಿ ವಿಕ್ಟರ್ ಹಾಲ್‌ಬೆಕ್. ಶವಪೆಟ್ಟಿಗೆಯಿಂದ ಅವನು ಏಳಬೇಕು, ಥೆಲ್ಮಾ ಕಿರುಚಬೇಕು, ಎಲ್ಲರೂ ನಗಬೇಕು.

ಎದ್ದವನು ಬ್ಯಾಂಕಿನ ಗುಮಾಸ್ತನ ಹಾಗಿದ್ದ. ರೇಡಿಯೋ ಅಲ್ಲವೇ, ಬಣ್ಣವಿಲ್ಲ, ಕೋರೆಹಲ್ಲಿಲ್ಲ. ಒಬ್ಬರೂ ನಗಲಿಲ್ಲ. ಪ್ರಸಾರದಲ್ಲಿ ಮೌನವೆಂದರೆ ಸಾವು. ಹ್ಯಾಪ್ ಥೆಲ್ಮಾಳ ಭುಜ ಹಿಡಿದು ಸಭೆಯ ಮೊದಲ ಸಾಲಿನ ಕಡೆ ತಿರುಗಿಸಿದ.

"ಅವನನ್ನಲ್ಲ ಚಿನ್ನಾ, ಇವನನ್ನ ನೋಡು!"

ಅಲ್ಲಿ ಡ್ವೇನ್ ಪರ್ವಿಸ್ ಕೂತಿದ್ದ. ಹಡಗಿನ ಬೆಂಕಿಯಲ್ಲಿ ಮುಖವೆಲ್ಲ ಕರಗಿಹೋಗಿದ್ದ ನಾವಿಕ. ನಿರ್ದೇಶಕ ಕೈ ಇಳಿಸಿ ಕಿರುಚೆಂದು ಸನ್ನೆ ಮಾಡಿದ. ಥೆಲ್ಮಾ ಕಿರುಚಿದಳು. ಅಂಥ ಕೂಗನ್ನು ನಾನು ಅವಳಿಂದ ಕೇಳಿರಲಿಲ್ಲ. ಒಂದು ಕ್ಷಣ ಬಿಟ್ಟು ಸಭೆ ಗೊಳ್ಳೆಂದಿತು. ಡ್ವೇನ್ ಕೂಡ ಬ್ಯಾಂಡೇಜಿನ ಕೈಗಳನ್ನು ತಟ್ಟಿದ. ಮನೆಗಳಲ್ಲಿ ರೇಡಿಯೋ ಮುಂದೆ ಕೂತವರು ಹಾಲ್‌ಬೆಕ್‌ನನ್ನು ಕಂಡು ಕಿರುಚಿದಳೆಂದುಕೊಂಡು ತಾವೂ ನಕ್ಕರು.

"ನಾಚಿಕೆ ಆಗಲ್ವೇನಯ್ಯ ನಿಂಗೆ?" ಎಂದು ಹಾಲ್‌ಬೆಕ್ ಆಮೇಲೆ ಹ್ಯಾಪ್‌ನ ಮೇಲೆ ಹರಿಹಾಯ್ದ.

"ನಿನ್ನ ಮುಖ ನೋಡಿ ನಗದ ಜನ ಅವನ ಮುಖ ನೋಡಿ ನಕ್ರು. ಹೊಟ್ಟೆಕಿಚ್ಚಾ?"

ಥೆಲ್ಮಾ ಡ್ವೇನ್‌ನ ಹತ್ತಿರ ಹೋದಳು. "ತಪ್ಪಾಯ್ತಪ್ಪ. ಅದು ನನ್ನ ಕೆಲಸ."

"ಬಿಡಿ ಮೇಡಂ. ನೋಡೋಕೆ ಬಂದಿದ್ದ ನನ್ನ ಹುಡುಗಿ ಕಿರುಚ್ಲೂ ಇಲ್ಲ. ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋದ್ಲು. ನೀವು ನಿಂತಾದ್ರೂ ಇದ್ರಿ."

ಕಾರ್ಯಕ್ರಮಕ್ಕೆ ಹಣ ಹಾಕುವ ಹಲ್ಲುಪುಡಿ ಕಂಪನಿಗೆ ಆ ನಗು ಹಿಡಿಸಿತು. ಡ್ವೇನ್‌ಗೆ ಆಸ್ಪತ್ರೆಯಿಂದ ಬಿಡುಗಡೆಯಾದ ಕೂಡಲೇ ಹ್ಯಾಪ್ ಅವನನ್ನು ತಂಡಕ್ಕೆ ಸೇರಿಸಿಕೊಂಡ. ಊರೂರಿನ ಸಭೆಗಳಲ್ಲಿ ಅವನು ಮೊದಲ ಸಾಲಿನಲ್ಲಿ ಕೂರಬೇಕು, ಥೆಲ್ಮಾ ತಿರುಗಿ ಕಿರುಚಬೇಕು. ಅವಳು ಆಗಲ್ಲವೆಂದಾಗ ಹ್ಯಾಪ್, "ಕಿರುಚೋರಿಗೇನು ಬರವಾ?" ಎಂದ. ಅವಳ ಬಾಡಿಗೆ ಕೋಣೆಯಲ್ಲಿ ಕಾಯಿಲೆಯ ತಾಯಿಯಿದ್ದಳು. ಥೆಲ್ಮಾ ಹೊರಟಳು.

ರೈಲಿನಲ್ಲಿ ಅವಳೂ ಡ್ವೇನೂ ಎದುರುಬದುರು ಕೂತು ಊಟ ಮಾಡುತ್ತಿದ್ದರು. ಅವನ ತುಟಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಸೂಪು ಚೆಲ್ಲಿದರೆ ಅವಳು ಮಾತು ನಿಲ್ಲಿಸದೆ ಒರೆಸುತ್ತಿದ್ದಳು. ಇಸ್ಪೀಟಿನಲ್ಲಿ ಅವನು ಮೋಸ ಮಾಡಿದರೆ, "ಕಳ್ಳ ನನ್ಮಗನೇ!" ಎಂದು ಎಲೆಗಳನ್ನು ಅವನ ಮೇಲೆಸೆಯುತ್ತಿದ್ದಳು.

ಫ್ರೆಸ್ನೋ ಊರಿನಲ್ಲಿ ಅವಳು ತಿರುಗಿ ಅವನನ್ನು ನೋಡಿ ಕಿರುಚಿದಾಗ ಕೂಗು ಟೊಳ್ಳಾಗಿತ್ತು. ಸಭೆ ನಗಲಿಲ್ಲ.

"ಇವಳಿಗೆ ಅವನ ಮುಖ ಅಭ್ಯಾಸ ಆಗೋಯ್ತು. ಇನ್ನು ಪ್ರಯೋಜನ ಇಲ್ಲ," ಎಂದು ಹ್ಯಾಪ್ ಅಂದೇ ಅವಳನ್ನು ಕೆಲಸದಿಂದ ತೆಗೆದ.

ಅವಳನ್ನು ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ನಾನೂ ಡ್ವೇನೂ ಹೋದೆವು. "ನೀನೂ ಬಾರೋ," ಎಂದು ಅವನ ಕೋಟಿನ ತೋಳು ಹಿಡಿದಳು. "ಎಲ್ಲಾದ್ರೂ ಕೆಲಸ ಹುಡುಕೋಣ."

"ಇಲ್ಲಿ ಜನ ದುಡ್ಡು ಕೊಟ್ಟು ನೋಡ್ತಾರೆ ಥೆಲ್ಮಾ. ಅಲ್ಲಿ ಪುಕ್ಕಟೆ ನೋಡ್ತಾರೆ."

ಅವಳು ಆಮೇಲೆ ಗ್ಲೆಂಡೇಲ್‌ನ ಅಂಗಡಿಯೊಂದರಲ್ಲಿ ಕಾಲುಚೀಲ ಮಾರುತ್ತಿದ್ದಳೆಂದು ಕೇಳಿದೆ. ಅವಳ ಜಾಗಕ್ಕೆ ಬಂದ ಹುಡುಗಿ ಮೊದಲ ದಿನವೇ ಡ್ವೇನ್‌ನನ್ನು ಕಂಡು ನಿಜವಾಗಿ ಮೂರ್ಛೆ ಹೋದಳು. ಜನ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಹ್ಯಾಪ್ ಆ ಮೂರ್ಛೆಯನ್ನೂ ಆಟಕ್ಕೆ ಸೇರಿಸಿಕೊಂಡ.