ಗಾಳಿ ಯಾವ ಗಲ್ಲಕ್ಕೆ?

ಆಗ ನಮ್ಮ ರಾಮದುರ್ಗದ ಮಕ್ಕಳಿಗೆ ನೀರೆಂದರೆ ಮಲಪ್ರಭೆ. ಬೇಸಿಗೆಯಲ್ಲಿ ಮೊಣಕಾಲುದ್ದ, ಮಳೆಗಾಲದಲ್ಲಿ ಕೆಂಪಗೆ ತುಂಬಿದ ಹೊಳೆ. ಆಚೆ ದಂಡೆಯೇ ಇಲ್ಲದ ನೀರನ್ನು ನಾನು ಮೊದಲು ಕಂಡದ್ದು ಒಂಬತ್ತನೆಯ ತರಗತಿಯ ದೀಪಾವಳಿ ಸೂಟಿಯಲ್ಲಿ, ಕಾರವಾರದಲ್ಲಿ.

ಎರಡು ಕಂಬಗಳ ಹಳೆಯ ಮರದ ಹಾಯಿಹಡಗೊಂದರಲ್ಲಿ ಶಾಲೆಯ ಮಕ್ಕಳಿಗೆ ಹತ್ತು ದಿನ ಹಡಗು ನಡೆಸುವುದನ್ನು ಕಲಿಸುತ್ತಿದ್ದರು. ನಮ್ಮ ಶಾಲೆಯಿಂದ ಹೋದವರು ನಾನು ಮತ್ತು ತೊರಗಲ್ಲಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ನೀಲವ್ವ. ಅವ್ವ ಕಟಕರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಟ್ಟು, "ನೀರಾಗ ಬಗ್ಗಿ ನೋಡಬ್ಯಾಡ," ಎಂದು ಹತ್ತು ಸಲ ಹೇಳಿದ್ದಳು. ಹಡಗು ಹತ್ತಿದ ಕೂಡಲೇ ನಾನು ಮಾಡಿದ್ದು ಅದನ್ನೇ.

ಮೀನೆಣ್ಣೆ, ನೆನೆದ ತೆಂಗಿನ ನಾರು, ಬಿಸಿಲಿಗೆ ಕಾದ ಮರ: ಆ ಹಡಗಿನ ವಾಸನೆ ಇಷ್ಟು. ಅದನ್ನು ನಡೆಸುವ ಮುದುಕರನ್ನು ಎಲ್ಲರೂ ತಾಂಡೇಲ ಎನ್ನುತ್ತಿದ್ದರು. ನಮ್ಮಿಬ್ಬರಿಗೆ ಅವರು ತಾಂಡೇಲಜ್ಜ. ಬೆಳಿಗ್ಗೆ ನಮ್ಮನ್ನು ಸಾಲಾಗಿ ಕೂಡಿಸಿ, "ಕಣ್ಣು ಮುಚ್ಚಿ. ಗಾಳಿ ಯಾವ ಕೆನ್ನೆಗೆ ತಾಗ್ತದೆ ಹೇಳಿ," ಎನ್ನುತ್ತಿದ್ದರು.

"ಎಡಗಲ್ಲಕ್ಕರಿ ಅಜ್ಜಾ. ಈಗ ಕಿವೀ ಕಡೆ ಸರಿಯಾಕ ಹತ್ತೇತಿ," ಎನ್ನುವಳು ನೀಲವ್ವ. ಅವಳು ಹೇಳಿದ ಗಳಿಗೆಯಲ್ಲೇ ಹಾಯಿ ಮೆಲ್ಲಗೆ ನಡುಗುತ್ತಿತ್ತು. ಕೊನೆಯ ದಿನ ಚುಕ್ಕಾಣಿ ಅವಳದೇ ಎಂದು ಅಜ್ಜ ಮೊದಲೇ ಹೇಳಿಬಿಟ್ಟರು.

ಉಳಿದ ಹೊತ್ತು ಕನಸಿನಂತೆ ಸರಿಯುತ್ತಿತ್ತು. ಹಡಗಿನ ನೆಲದ ಹಲಗೆಗಳ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಹಡಗು ವಾಲಿದರೆ ಬಿಲ್ಲೆ ತಾನೇ ಮನೆ ಬದಲಿಸುತ್ತಿತ್ತು.

ಏಳನೆಯ ದಿನ ಹಡಗನ್ನು ಇನ್ನೊಂದು ದಿಕ್ಕಿಗೆ ತಿರುಗಿಸುತ್ತಿದ್ದರು. ಹಾಯಿಯ ಹಗ್ಗ ಗೂಟಕ್ಕೆ ಸುತ್ತಿ ನನ್ನ ಕೈಯಲ್ಲಿತ್ತು, ನಿಧಾನವಾಗಿ ಬಿಡಬೇಕಿತ್ತು. ಅಷ್ಟರಲ್ಲಿ ದೂರದಲ್ಲಿ ಡಾಲ್ಫಿನ್ನುಗಳ ಬೆನ್ನುಗಳು ಮಿಂಚಿದವು. ನಾನು ಮೈಮರೆತೆ. ಹಗ್ಗ ಜಾರಿ ಹಾವಿನಂತೆ ಓಡಿತು. ಪಕ್ಕದಲ್ಲಿದ್ದ ನೀಲವ್ವ ಹಾರಿ ಹಿಡಿದಳು. ಹಾಯಿ ನಿಂತಿತು, ಅವಳ ಎರಡೂ ಅಂಗೈ ಸುಲಿದು ರಕ್ತ ಬಂತು.

"ಹಗ್ಗ ಬಿಟ್ಟವರು ಯಾರು?" ಅಜ್ಜ ಓಡಿ ಬಂದು ಕೇಳಿದರು.

"ನಾನರೀ," ಎಂದಳು ನೀಲವ್ವ.

ನಾನು ತಲೆ ತಗ್ಗಿಸಿ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತತೊಡಗಿದೆ. ಅಜ್ಜ ಅವಳ ಕೈಗೆ ಔಷಧಿ ಹಚ್ಚಿ ಬಟ್ಟೆ ಸುತ್ತಿದರು. ಆಮೇಲೆ, "ಹಗ್ಗ ಮರೆತವರಿಗೆ ಚುಕ್ಕಾಣಿ ಇಲ್ಲ," ಎಂದು ಕೊನೆಯ ದಿನದ ಚುಕ್ಕಾಣಿಯನ್ನು ನನಗೆ ಕೊಟ್ಟರು. ಮೂರು ದಿನ ಅನ್ನ ರುಚಿಸಲಿಲ್ಲ. ನೀಲವ್ವನಿಗೆ ಊಟ ನಾನೇ ಮಾಡಿಸುತ್ತಿದ್ದೆ. ಅವಳು ಆ ಮಾತೇ ಎತ್ತಲಿಲ್ಲ.

ಕೊನೆಯ ದಿನ ಚುಕ್ಕಾಣಿಯ ಹಿಡಿ ಕೈಗೆ ಬಂದಾಗ ತಡೆಯಲಾಗಲಿಲ್ಲ. "ಅಜ್ಜಾ, ಹಗ್ಗ ಬಿಟ್ಟಾಕಿ ನಾನರೀ. ಆಕೀದೇನೂ ತಪ್ಪಿಲ್ಲ."

ಅಜ್ಜ ನೀಲವ್ವನನ್ನು ಕರೆದು, ಕೈಯ ಬಟ್ಟೆ ಬಿಚ್ಚಿ ನೋಡಿ, "ಈ ಕೈಯಲ್ಲಿ ಹೇಗೆ ಹಿಡೀತೀ ಮಗಾ?" ಎಂದರು.

"ಕೈ ಆಕೀವು ಇರಲಿ ಅಜ್ಜಾ. ನಾ ಹೇಳತೇನಿ."

ಹಾಗೆಯೇ ಆಯಿತು. ಅವಳು ಕಣ್ಣು ಮುಚ್ಚಿ ನನ್ನ ಪಕ್ಕ ನಿಂತಳು. "ಸ್ವಲ್ಪ ಬಲಕ್ಕ... ಸಾಕು... ಹಂಗ ಹಿಡಿ." ನಾನು ಹಿಡಿದೆ. ಸಂಜೆಯ ನೀರು ಜೇನಿನ ಬಣ್ಣಕ್ಕೆ ತಿರುಗಿತ್ತು. ಹಡಗು ಸದ್ದಿಲ್ಲದೆ, ತನ್ನಷ್ಟಕ್ಕೆ ತಾನೇ ಎಂಬಂತೆ ದಂಡೆಯ ಕಡೆ ಸರಿಯಿತು. ಅಜ್ಜ ಒಂದು ಸಲವೂ ಕೈ ಹಾಕಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಕೇಳಿದೆ, "ಯಾಕ ಹಂಗ ಅಂದಿ?"

"ನಿನ್ನ ಮಾರಿ ನೋಡಿದೆ, ಆಗ್ಲೇ ಅಳಾಕ ಹತ್ತಿದ್ದಿ. ನನಗ ಅಳು ಬಂದಿದ್ದಿಲ್ಲ, ಅದಕ," ಎಂದು ಕಿಟಕಿಗೆ ಒರಗಿ ನಿದ್ದೆ ಹೋದಳು.

ಆ ಹಡಗನ್ನು ಆಮೇಲೆ ಒಡೆದು ಮರ ಮಾರಿದರಂತೆ. ಹತ್ತನೆಯ ತರಗತಿ ಮುಗಿದ ಮೇಲೆ ನೀಲವ್ವ ಸೋದರಮಾವನ ಊರಿಗೆ ಹೋದಳು. ಪತ್ರ, ಫೋನು ಒಂದೊಂದಾಗಿ ನಿಂತವು. ನಾನೀಗ ಬೈಲಹೊಂಗಲದ ಕಚೇರಿಯೊಂದರಲ್ಲಿ ನೌಕರಿ ಮಾಡುತ್ತೇನೆ. ಅಲ್ಲೂ ತಪ್ಪುಗಳಾಗುತ್ತವೆ, ಯಾರು ಮಾಡಿದ್ದೆಂದು ಕೇಳುತ್ತಾರೆ, ನಾವೆಲ್ಲ ತಲೆ ತಗ್ಗಿಸಿ ಕಾಗದ ನೋಡುತ್ತೇವೆ. ಇಷ್ಟು ವರ್ಷಗಳಲ್ಲಿ ನನ್ನ ತಪ್ಪನ್ನು ಯಾರೂ ತಮ್ಮ ಮೇಲೆ ಎಳೆದುಕೊಂಡಿಲ್ಲ. ನಿಜ ಹೇಳಬೇಕೆಂದರೆ, ನಾನೂ ಇನ್ನೊಬ್ಬರದನ್ನು ಎಳೆದುಕೊಂಡಿಲ್ಲ.